ರಘೂತ್ತಮ ಸರ್ ಅವರ ಕ್ರಿಯಾಪದಗಳು

ಜನವರಿ ೬, ಸೋಮವಾರ

ವೀರೇಶ ಹೊಸ ವರ್ಷದ ಡೈರಿ ಕೊಟ್ಟು ಐದು ದಿನವಾಯಿತು. ಬರೆಯುವ ಹುಮ್ಮಸ್ಸು ಇವತ್ತು ಬಂದಿದೆ. ಅನಗವಾಡಿಯ ನಮ್ಮ ಅಜ್ಜಿ, ಆಯಿ, ಕಥೆ ಶುರು ಮಾಡುವ ಮೊದಲು ಯಾರು ಯಾರು ಅಂತ ಹೇಳಿಬಿಡುತ್ತಿದ್ದಳು. ನಾನೂ ಹಾಗೇ ಮಾಡುತ್ತೇನೆ, ಮುಂದೆ ನಾನೇ ಓದಿದಾಗ ಗೊಂದಲ ಬೇಡ.

ನಾನು ಸುವರ್ಣಾ. ಮನೆ ಬನಹಟ್ಟಿಯಲ್ಲಿ. ಗಂಡ ಪರಸಪ್ಪನದು ಮಗ್ಗದ ಕೆಲಸ. ನಾನು ದಿನಾ ಬಸ್ಸಿನಲ್ಲಿ ಜಮಖಂಡಿಗೆ ಹೋಗಿ ವೀರೇಶನ ಡಿ.ಟಿ.ಪಿ. ಅಂಗಡಿಯಲ್ಲಿ ಕೂರುತ್ತೇನೆ. ಲಗ್ನಪತ್ರ, ಬ್ಯಾನರು, ಸೊಸೈಟಿಯ ವರದಿ. ಎಂಟು ತಿಂಗಳಿಂದ ಮುಂಜಾನೆ ಹೊತ್ತು ಮಾತ್ರ ಅಂಗಡಿಯ ಲ್ಯಾಪ್‌ಟಾಪ್ ಹೊತ್ತುಕೊಂಡು ಅದೇ ಊರಿನ ರಘೂತ್ತಮ ಸರ್ ಮನೆಗೆ ಹೋಗಿ ಅವರ ಪುಸ್ತಕ ಟೈಪು ಮಾಡುತ್ತೇನೆ. ವಿಷಯ ಕೇಳಿದರೆ ಬಸ್ಸಿನಲ್ಲಿ ಜನ ನಗುತ್ತಾರೆ: ಪ್ರಾಚೀನ ಈಜಿಪ್ಟ್ ಭಾಷೆಯ ಕ್ರಿಯಾಪದಗಳು. ಸರ್ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವರು. ಎಲ್ಲೆಲ್ಲಿಂದಲೋ ಪುಸ್ತಕ ತರಿಸಿ, ನಲವತ್ತು ವರ್ಷ ತಾವೇ ಕುಳಿತು ಈ ಭಾಷೆ ಕಲಿತರು. ಮೊದಲ ಎಪ್ಪತ್ತು ಪುಟ ನೋಟುಬುಕ್ಕಿನಲ್ಲಿವೆ. ಆಮೇಲೆ ಅವರ ನೋಟದ ನಡುವೆ ಕಪ್ಪು ಕಲೆ ಬಿತ್ತು, ಓದು ಬರಹ ಆಗದಾಯಿತು. ಉಳಿದ ನೂರಾ ನಲವತ್ತೆರಡು ಪುಟ ಬಾಯಿಂದ ಹೇಳಿ ಬರೆಸಿದ್ದಾರೆ. ಕಿವಿಗೆ ಬಿದ್ದದ್ದನ್ನು ಬೆರಳಿಗೆ ದಾಟಿಸುವುದಷ್ಟೇ ನನ್ನ ಕೆಲಸ, ಅರ್ಥ ಯಾರಿಗೆ ಬೇಕು.

ಇವತ್ತು ಇಡೀ ಪುಸ್ತಕವನ್ನು ಹಳೆಯ ಫಾಂಟಿನಿಂದ ಹೊಸದಕ್ಕೆ ತಂದೆ. ಹಾಗೆ ತಂದಾಗ ಅಕ್ಷರದ ಕಸ ಉದುರುವುದು ನಮಗೆ ಹೊಸದಲ್ಲ. ಈ ಸಲ ವಾಕ್ಯದ ಕೊನೆಗೆ, ಚುಕ್ಕಿಯ ಹಿಂದೆ, ಒಂದು ಬಿಡಿ 'ನ್' ನೇತಾಡುತ್ತಿತ್ತು: 'ಹೋದರುನ್.' 'ಬಂದರುನ್.' ಒಂದೊಂದೇ ತೆಗೆದರೆ ಮುಂದಿನ ಸಂಕ್ರಾಂತಿ. 'ನ್.' ಇದ್ದಲ್ಲೆಲ್ಲ ಬರೀ ಚುಕ್ಕಿ ಅಂತ ಕೊಟ್ಟು 'ಎಲ್ಲ ಬದಲಿಸು' ಒತ್ತಿದೆ. ಅಲ್ಲಲ್ಲಿ ಜೋಡಿ ಚುಕ್ಕಿ ಉಳಿದವು, ಅವನ್ನೂ ಒಂದೇ ಏಟಿಗೆ ಒಂಟಿ ಮಾಡಿದೆ. ಪೆನ್‌ಡ್ರೈವಿನ ಹಳೆಯ ಫೈಲಿನ ಮೇಲೆ ಹೊಸದನ್ನು ಹಾಕಿದೆ. ನಾಲ್ಕೂವರೆ ಬಸ್ಸೂ ಸಿಕ್ಕಿತು. ಈ ತಿಂಗಳು ಇಪ್ಪತ್ತೇಳಕ್ಕೆ ಸರ್ ಅವರ ಅಣ್ಣನ ಮಗ ಅನಂತ ಪುಣೆಯಿಂದ ಬಂದು ಫೈಲನ್ನು ಪ್ರೆಸ್ಸಿಗೆ ಒಯ್ಯುತ್ತಾನೆ. ಅಲ್ಲಿಗೆ ನನಗೆ ಬಿಡುಗಡೆ.

ಜನವರಿ ೮, ಬುಧವಾರ

ದೊಡ್ಡ ಎಡವಟ್ಟು ಮಾಡಿಕೊಂಡಿದ್ದೇನೆ.

ಇವತ್ತು ಕೊನೆಯ ಸಲ ಇಡೀ ಪುಸ್ತಕ ಸರ್‌ಗೆ ಓದಿ ಹೇಳಲು ಶುರು ಮಾಡಿದೆ. ಅವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಹನ್ನೊಂದನೇ ಪುಟದಲ್ಲಿ ತಡೆದರು.

"ಸುವರ್ಣಾ, ನ್ ನುಂಗಿದಿ. ಸೆಜೆಮ್.ನ್.ಫ್ ಅನ್ನು."

ನೋಡಿದೆ. ಪರದೆಯ ಮೇಲೆ ಸೆಜೆಮ್.ಫ್ ಅಂತಲೇ ಇತ್ತು. "ಹೌದ್ರಿ ಸರ್, ನಾಲಿಗಿ ತೊಡರಿತು" ಅಂದೆ. ಮುಂದಿನ ಸಾಲಿನಲ್ಲೂ ನ್ ಇಲ್ಲ. ಅದರ ಮುಂದಿನದರಲ್ಲೂ.

ಇಷ್ಟು ನನಗೆ ಗೊತ್ತು: ಸೆಜೆಮ್ ಅಂದರೆ ಕೇಳು. ಫ್ ಅಂದರೆ ಅವನು. ಸೆಜೆಮ್.ಫ್, ಅವನು ಕೇಳುತ್ತಾನೆ. ನಡುವೆ ಎರಡು ಚುಕ್ಕಿಗಳ ಮಧ್ಯೆ ನ್ ಕೂತರೆ, ಸೆಜೆಮ್.ನ್.ಫ್, ಅವನು ಕೇಳಿದನು. ಸೋಮವಾರ ನಾನು ಕಸ ಅಂತ ಗುಡಿಸಿದ್ದರಲ್ಲಿ ಈ ನ್ ಕೂಡ ಹೋಗಿದೆ. ಜೋಡಿ ಚುಕ್ಕಿ ಉಳಿದಿದ್ದರೆ ಎಲ್ಲಿ ಇತ್ತು ಅಂತಾದರೂ ತಿಳಿಯುತ್ತಿತ್ತು. ಅದನ್ನೂ ನಾನೇ ಒರೆಸಿದ್ದೇನೆ. ಪುಸ್ತಕದಲ್ಲಿ ಆಗಿಹೋದದ್ದು ಒಂದೂ ಇಲ್ಲ, ಎಲ್ಲವೂ ಈಗ ಆಗುತ್ತಿದೆ.

ಮೊದಲ ಎಪ್ಪತ್ತು ಪುಟಕ್ಕೆ ನೋಟುಬುಕ್ಕಿದೆ. ಉಳಿದದ್ದಕ್ಕೆ ಸರ್ ಅವರ ತಲೆಯೊಂದೇ.

ಜನವರಿ ೯, ಗುರುವಾರ

ವೀರೇಶನಿಗೆ ಹೇಳಿದೆ. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿ ಮಧ್ಯಾಹ್ನದವರೆಗೆ ತಡಕಾಡಿದ. ಹಳೆಯ ಗಣಪತಿ ಬ್ಯಾನರಿನ ಫೋಟೋಗಳು ಸಿಕ್ಕವು, ಪುಸ್ತಕ ಸಿಗಲಿಲ್ಲ. ಒಂದೇ ಫೈಲು ಇಡು, ಡಿಸ್ಕು ತುಂಬಿಸಬೇಡ ಅಂತ ಬೈಯುತ್ತಿದ್ದವನೂ ಅವನೇ. ಅದನ್ನು ನಾನು ಎತ್ತಲಿಲ್ಲ.

"ಅಕ್ಕಾರ, ಒಂದ ಮಾತ ಹೇಳ್ಲಿ? ಸುಮ್ಮನ ಇದ್ದಬಿಡ್ರಿ."

"ಏನ ಮಾತೋ ಇದು?"

"ಅಲ್ರೀ, ಜಮಖಂಡಿ, ಮುಧೋಳ, ಬೀಳಗಿ, ಎಲ್ಲಾ ಕೂಡಿಸಿದ್ರೂ ಇದನ್ನ ಓದಿ ತಪ್ಪ ಹಿಡಿಯಾಂವ ಒಬ್ಬನ ಅದಾನು. ಆಂವಗ ಕಣ್ಣ ಕಾಣೂದಿಲ್ಲ. ಆ ಈಜಿಪ್ಟಿನಾಂವ ಯಾವನರ ಎದ್ದ ಬಂದ ಕೇಳ್ತಾನೇನು?"

ನಗು ಬಂತು. ಬಸ್ಸಿನಲ್ಲಿ ಕೂತ ಮೇಲೆ ನಗು ಹೋಯಿತು.

ನಾನೇ ಸರಿಪಡಿಸುತ್ತೇನೆ. ಪ್ರತಿ ಉದಾಹರಣೆಯ ಮುಂದೆ ಕನ್ನಡದ ಅರ್ಥ ಇದೆ. ಅರ್ಥ 'ಕೇಳಿದನು' ಅಂತಿದ್ದರೆ ನ್ ಹಾಕುವುದು, 'ಕೇಳುತ್ತಾನೆ' ಅಂತಿದ್ದರೆ ಬಿಡುವುದು. ಅಕ್ಕಿಯಲ್ಲಿ ಹಳ್ಳು ಆರಿಸಿದ ಹಾಗೆ. ಸರ್‌ಗೆ ಗೊತ್ತಾಗುವುದೇ ಬೇಡ.

ಜನವರಿ ೧೩, ಸೋಮವಾರ

ನೂರಾ ಹದಿನೆಂಟನೇ ಪುಟದವರೆಗೆ ಆಯಿತು. ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು, ಬೆಳಗ್ಗೆ ರೊಟ್ಟಿ ಬಡಿಯುವ ಮೊದಲು. ಅತ್ತೆ ಮರೆವ್ವ, "ಆ ಡಬ್ಬಿನ ಲಗ್ನಾ ಮಾಡ್ಕೋಬೇಕಿತ್ತ ನೀ" ಅಂದಳು.

ಗೋರಿಗಳ ಮೇಲೆ ಸತ್ತವರು ಬರೆಸಿಕೊಳ್ಳುತ್ತಿದ್ದ ಮಾತುಗಳ ಅಧ್ಯಾಯ ಇವತ್ತು ಮುಗಿಯಿತು. ಹಸಿದವರಿಗೆ ರೊಟ್ಟಿ ಕೊಟ್ಟೆ, ಬಟ್ಟೆ ಇಲ್ಲದವರಿಗೆ ಬಟ್ಟೆ ಕೊಟ್ಟೆ, ಅಂಥವು. ರೆದಿ.ನ್.ಇ, ನಾನು ಕೊಟ್ಟೆನು. ನಾನು ಗುಡಿಸಿದ ಮೇಲೆ ರೆದಿ.ಇ ಆಗಿತ್ತು. ಪಾಪ, ಮಾಡಿದ್ದನ್ನೆಲ್ಲ ಮುಗಿಸಿ ಮಲಗಿದ ಮನುಷ್ಯ. ಒಂದೊಂದಕ್ಕೂ ನ್ ಹಾಕುವಾಗ ಅವನ ಸಾಮಾನು ಅವನಿಗೆ ತಿರುಗಿ ಕೊಟ್ಟಂತಾಯಿತು.

ಜನವರಿ ೧೫, ಬುಧವಾರ

ಸಂಕ್ರಾಂತಿ ಮರುದಿನ. ಸರ್ ಹೆಂಡತಿ ಸುಲಭಾಬಾಯಿ ಎಳ್ಳುಬೆಲ್ಲದ ತಿಳಗೂಳ ಉಂಡೆ ಕೊಟ್ಟರು. ಬಾಯಲ್ಲಿಟ್ಟುಕೊಂಡಿದ್ದಾಗಲೇ ಸರ್ ಒಂದು ಮಾತು ಹೇಳಿದರು, ಅಗಿಯುವುದನ್ನೇ ಬಿಟ್ಟೆ.

ಯಾವುದೋ ಮಾತಿಗೆ ಅವರೇ ಎತ್ತಿದ್ದು: "ಈ ಭಾಷಾದ ಮಜಾ ಎಲ್ಲಿ ಅದ ಗೊತ್ತೇನು? 'ಇಲ್ಲ' ಅನ್ನೋ ಶಬ್ದ ಮುಂದ ಬಂದ್ರ ಎಲ್ಲಾ ತಿರುಗಾಮುರುಗಾ. ಅಲ್ಲಿ ನ್ ಇರಲಾರದ್ದು 'ಅವನು ಕೇಳಲಿಲ್ಲ.' ನ್ ಇದ್ದದ್ದು 'ಅವನು ಕೇಳೂದಿಲ್ಲ, ಅವನ ಕಡಿಂದ ಆಗೂದಿಲ್ಲ.' ನಾನ ಇದನ್ನ ನಂಬಲಿಕ್ಕೆ ಎರಡು ವರ್ಷ ಹಿಡೀತು."

ನಾನು ಈ ಐದು ದಿನ 'ಕೇಳಲಿಲ್ಲ' ಅಂತಿದ್ದಲ್ಲೆಲ್ಲ ನ್ ಹಾಕುತ್ತ ಬಂದಿದ್ದೇನೆ. ಮೊದಲು ಬರೀ ಕಳೆದಿದ್ದೆ. ಈಗ ಸುಳ್ಳು ತುಂಬಿದ್ದೇನೆ.

"ಯಾಕ, ಉಂಡಿ ಛಲೋ ಆಗಿಲ್ಲೇನು?" ಅಂದರು ಸುಲಭಾಬಾಯಿ.

ಜನವರಿ ೧೮, ಶನಿವಾರ

ಹಿಂದಕ್ಕೆ ಹೋಗಿ 'ಇಲ್ಲ' ಇರುವ ವಾಕ್ಯಗಳನ್ನೆಲ್ಲ ಮತ್ತೆ ಬಿಚ್ಚಿದೆ. ತೊಂಬತ್ತಾರು ಇದ್ದವು. ಸಂಶಯ ಬಂದದ್ದನ್ನು ಸರ್‌ಗೆ ಸುಮ್ಮನೆ ಕುತೂಹಲಕ್ಕೆ ಕೇಳಿದಂತೆ ಕೇಳುತ್ತಿದ್ದೇನೆ. ದಿನಕ್ಕೆ ಮೂರು, ನಾಲ್ಕು. ಜಾಸ್ತಿ ಕೇಳಿದರೆ ಹೊಳೆದುಬಿಡುತ್ತದೆ.

'ಬಾ', 'ಹೋಗು' ಇಂಥ ಕ್ರಿಯಾಪದಗಳು, ಬಂದು ನಿಂತಿದ್ದಾನೆ, ಹೋಗಿಬಿಟ್ಟಿದ್ದಾನೆ ಅನ್ನುವಾಗ, ನ್ ತೆಗೆದುಕೊಳ್ಳದೆ ಬೇರೆ ಬಾಲ ಯಾಕೆ ಹಚ್ಚಿಕೊಳ್ಳುತ್ತವೆ ಅಂತ ಕೇಳಿದೆ. ಸರ್ ಕಣ್ಣು ತೆರೆದು ನನ್ನ ದಿಕ್ಕಿಗೆ, ಸ್ವಲ್ಪ ಪಕ್ಕಕ್ಕೆ, ನೋಡಿದರು. ಅಂಚಿನಿಂದ ಮಾತ್ರ ಅವರಿಗೆ ಕಾಣುತ್ತದೆ.

"ಸುಲಭಾ, ಇಲ್ಲಿ ಬಾ. ಇಕಿ ಏನ ಕೇಳಲಿಕ್ಕೆ ಹತ್ಯಾಳ ನೋಡು."

"ಏನ ಕೇಳ್ಯಾಳ?"

"ನಿನಗ ತಿಳಿಯೂದಿಲ್ಲ ಬಿಡು."

"ಹಂಗಾರ ಯಾಕ ಕರದ್ರಿ? ಅಲ್ಲಿ ಹಾಲ ಉಕ್ಕಲಿಕ್ಕೆ ಹತ್ತದ" ಅನ್ನುತ್ತ ಅವರು ಒಳಗೆ ಓಡಿದರು. ಸರ್ ಒಂದು ತಾಸು ಪಾಠ ಹೇಳಿದರು. ಅವರ ಧ್ವನಿ ಇಷ್ಟು ಗಟ್ಟಿಯಾಗಿ ಈ ಎಂಟು ತಿಂಗಳಲ್ಲಿ ನಾನು ಕೇಳಿರಲಿಲ್ಲ. ಮುಗಿದ ಮೇಲೆ ಅಂಗಡಿಯವರೆಗೆ ತಲೆ ತಗ್ಗಿಸಿಕೊಂಡು ನಡೆದೆ.

ಜನವರಿ ೨೧, ಮಂಗಳವಾರ

ದಿನದ ಓದು ನನ್ನ ರಿಪೇರಿಯನ್ನು ದಾಟಿ ಮುಂದೆ ಹೋಗಿದೆ. ಇವತ್ತು ಓದಿದ ಹದಿನೆಂಟು ಪುಟ ನಾನಿನ್ನೂ ಮುಟ್ಟಿಲ್ಲದವು. ಪರದೆಯ ಮೇಲೆ ತಪ್ಪು, ಬಾಯಲ್ಲಿ ಸರಿ. ಎಲ್ಲಿ ನ್ ಬೇಕೋ ಅಲ್ಲಿ ಹಾಕಿಕೊಂಡೇ ಓದಿದೆ. ಸರ್ ಒಂದು ಸಲವೂ ತಡೆಯಲಿಲ್ಲ. ಒಂದೂ ತಪ್ಪಲಿಲ್ಲ ಅನ್ನುವುದೇ ದೊಡ್ಡದು.

ಬಸ್ಸಿನಲ್ಲಿ ಒಬ್ಬಳು ಫೋನಿನಲ್ಲಿ "ಆಂವ ಬಂದಿಲ್ಲ, ಬರೂದೂ ಇಲ್ಲ" ಅನ್ನುತ್ತಿದ್ದಳು. ಎರಡಕ್ಕೂ ನ್ ಎಲ್ಲಿ ಬರುತ್ತದೆ ಅಂತ ಯೋಚಿಸುತ್ತ ಬನಹಟ್ಟಿ ದಾಟಿಹೋಗಿ ರಬಕವಿಯಲ್ಲಿ ಇಳಿದೆ. ಅಲ್ಲಿಂದ ಆಟೋ.

ಜನವರಿ ೨೩, ಗುರುವಾರ

ರಿಪೇರಿ ಎಷ್ಟು ಉಳಿದಿದೆ ಅಂತ ಕೊನೆಗೆ ಹಾರಿ ನೋಡಿದೆ, ಗೋಡೆಗೆ ಬಂದು ಹಾಯ್ದಂತಾಗಿದೆ. ಕೊನೆಯ ಅಧ್ಯಾಯ 'ಅಭ್ಯಾಸ'. ಅರವತ್ತನಾಲ್ಕು ವಾಕ್ಯ, ಸರ್ ತಾವೇ ಕಟ್ಟಿದ್ದು. ಓದುವವರು ಬಿಡಿಸಲಿ ಅಂತ ಒಂದಕ್ಕೂ ಕನ್ನಡದ ಅರ್ಥ ಕೊಟ್ಟಿಲ್ಲ. ಒಬ್ಬ ಹೆಂಗಸು, ಅವಳ ಮನೆ, ನದಿ, ಕೊಡ. ಅವಳು ನೀರು ತಂದಳೋ, ತರುತ್ತಾಳೋ? ಮಗ ಕೇಳಿದನೋ, ಕೇಳುತ್ತಾನೋ? ವಾಕ್ಯ ಎರಡೂ ರೀತಿ ನಿಲ್ಲುತ್ತದೆ. ಸರ್ ಏನು ಅಂದಿದ್ದರು ಅನ್ನುವುದು ಅವರಿಗೆ ಮಾತ್ರ ಗೊತ್ತು.

ನಾನು ಊಹೆ ಮಾಡಿ ತುಂಬಬಹುದು. ತುಂಬಿದರೆ ಅದು ಅವರ ಪುಸ್ತಕವಲ್ಲ, ಅವರ ಹೆಸರಿನಲ್ಲಿ ನನ್ನದು. ನಾಲ್ಕು ದಿನ ಉಳಿದಿದೆ.

ಜನವರಿ ೨೫, ಶನಿವಾರ

ಸರ್ ಮುನ್ನುಡಿ ಹೇಳಿ ಬರೆಸಿದರು. ಕೊನೆಯ ಸಾಲು: 'ಕಣ್ಣು ಕೈಬಿಟ್ಟ ಮೇಲೆ ಈ ಪುಸ್ತಕಕ್ಕೆ ಕಣ್ಣಾದವಳು ಸೌ. ಸುವರ್ಣಾ. ಈ ಭಾಷೆಯಲ್ಲಿ ನನ್ನ ಮೊದಲ ಮತ್ತು ಕೊನೆಯ ವಿದ್ಯಾರ್ಥಿನಿ.'

"ಬರದಿ?"

"ಬರದೆರಿ."

"ಓದು."

ಓದಿದೆ.

ಜನವರಿ ೨೬, ಭಾನುವಾರ

ಪರಸಪ್ಪನಿಗೆ ಹೇಳಿಬಿಟ್ಟೆ. ಮಗ್ಗ ನಿಲ್ಲಿಸಿ, ಎಣ್ಣೆ ಬಿಡುತ್ತ ಕೇಳಿದ. ಈಜಿಪ್ಟು, ನ್, ಚುಕ್ಕಿ ಏನೂ ಅವನ ತಲೆಗೆ ಹತ್ತಲಿಲ್ಲ. ತಪ್ಪು ಮುಚ್ಚಿದ್ದೇನೆ ಅನ್ನುವುದು ಹತ್ತಿತು.

"ಸೀರಿ ನೇಯೂವಾಗ ಎಳಿ ಹರದದ್ದು ಲಕ್ಷ್ಯಕ್ಕ ಬರಲಿಲ್ಲ ಅನ್ನು. ಆಮ್ಯಾಲ ಏನ ಮಾಡ್ತಿ?" ಅಂತ ಕೇಳಿದೆ.

"ಆ ಜಾಗಾಕ್ಕ ಅಂಚಿಗೆ ಒಂದ ಕೆಂಪ ದಾರ ಕಟ್ಟತೇನಿ. ಸಾವ್ಕಾರ ಬಿಚ್ಚಿ ನೋಡೂಕಿಂತ ಮೊದಲ ಅದ ಕಾಣಬೇಕು."

"ಮಡಿಕಿ ಒಳಗ ಹಾಕಿ ಕೊಟ್ರ?"

"ಕೊಡ್ತಾರ ಮಂದಿ. ಉಡಾಕಿ ಬಿಚ್ಚದ ಉಡತಾಳೇನು?"

"ಬೈತಾರ."

"ಬೈಯಾಕ ಬೇಕು. ಬೈಸಿಕೊಂಡು ಬಾ." ಅಷ್ಟು ಹೇಳಿ ಮಗ್ಗ ಶುರು ಮಾಡಿದ. ಆ ಸದ್ದಿನಲ್ಲಿ ಮುಂದೆ ಮಾತಾಡುವಂತಿರಲಿಲ್ಲ.

ಜನವರಿ ೨೭, ಸೋಮವಾರ

ಅನಂತ ಹನ್ನೆರಡಕ್ಕೆ ಬರುವವನಿದ್ದ. ನಾನು ಒಂಬತ್ತೂವರೆಗೇ ಹೋದೆ. ಲ್ಯಾಪ್‌ಟಾಪ್ ತೆಗೆದೆ, "ಸರ್, ಒಂದ ಪುಟಾ ಮತ್ತ ಓದತೇನ್ರಿ" ಅಂದೆ. ರಿಪೇರಿ ಮುಟ್ಟದ ಪುಟ ಹುಡುಕಿ, ಪರದೆಯ ಮೇಲೆ ಹೇಗಿತ್ತೋ ಹಾಗೆ ಓದಿದೆ.

"ಜೆದ್.ಫ್, ಅವನು ಹೇಳಿದನು."

"ನ್ ನುಂಗಿದಿ."

"ಇಲ್ರೀ ಸರ್. ಹಿಂಗ ಐತಿ." ಮುಂದಿನದು ಓದಿದೆ. "ಸೆಜೆಮ್.ಫ್, ಅವನು ಕೇಳಿದನು."

"ಸುವರ್ಣಾ, ನ್."

"ಇಲ್ಲರೀ ಸರ್."

ಐದನೆಯದಕ್ಕೆ ಅವರು ತಡೆಯುವುದು ಬಿಟ್ಟರು. ನಾನು ಪುಟ ಮುಗಿಯುವವರೆಗೆ ಓದಿದೆ, ಆಮೇಲೆ ನಿಲ್ಲಿಸಿದೆ. ಸರ್ ಸುಲಭಾಬಾಯಿಯನ್ನು ಕರೆದು ಪರದೆಯ ಮುಂದೆ ಕೂರಿಸಿದರು. "ಅಲ್ಲಿ ಬರದದ್ದು ಒಂದೊಂದ ಅಕ್ಷರ ಓದು. ನಿನಗ ತಿಳೀಬೇಕಂತೇನಿಲ್ಲ." ಅವರು ಕನ್ನಡಕ ಏರಿಸಿ ಓದಿದರು. "ಸೆ, ಜೆ, ಮ್, ಚುಕ್ಕಿ, ಫ್."

"ಎಂದು ಆತು?" ಸರ್ ಕೇಳಿದ್ದು ನನ್ನನ್ನು.

"ಆರನೇ ತಾರೀಖರಿ. ನಾನ ಮಾಡಿದ್ದು." ಎಲ್ಲ ಹೇಳಿದೆ. ಕಸ ಗುಡಿಸಿದ್ದು, ಜೋಡಿ ಚುಕ್ಕಿ, ಪೆನ್‌ಡ್ರೈವ್, 'ಇಲ್ಲ' ಇರುವ ವಾಕ್ಯಗಳು, ಅರವತ್ತನಾಲ್ಕು.

"ಇಪ್ಪತ್ತೊಂದು ದಿನ. ದಿನಾ ಓದಿದಿ. ನಾ ದಿನಾ ಕೇಳಿದೆ."

ಲ್ಯಾಪ್‌ಟಾಪನ್ನು ನನ್ನ ಕಡೆಗೆ ಎಳೆದುಕೊಂಡೆ.

"ಪುಟದಾಗ ತಪ್ಪಿತ್ತಲ್ಲ. ಮತ್ತ ಸರಿ ಹೆಂಗ ಓದಿದಿ?"

"ಓದೂವಾಗ ಗೊತ್ತಾಗತೈತ್ರಿ ಸರ್, ಎಲ್ಲಿ ಬರಬೇಕು ಅಂತ."

ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, "ಮುನ್ನುಡಿ ತಗಿ. ಕಡೀ ಸಾಲು ಅಳಿಸು. ನನ್ನ ಮುಂದನ ಅಳಿಸು" ಅಂದರು. ಅಳಿಸಿದೆ. "ಅಳಿಸಿದಿ?" "ಅಳಿಸಿದೆರಿ." "ಸುಲಭಾ, ನೋಡು." ಅವರು ನೋಡಿ, ಹೂಂ ಅಂದರು. ನನ್ನ ಮುಖ ನೋಡಲಿಲ್ಲ.

ಅಷ್ಟರಲ್ಲಿ ಅನಂತ ಬಂದ. ಚಪ್ಪಲಿ ಬಿಡುತ್ತಲೇ, "ಕಾಕಾ, ಎಲ್ಲಾ ತಯಾರಿ?" ಅಂದ.

"ಇಲ್ಲ" ಅಂದರು ಸರ್. "ಊಟಾ ಮಾಡಿ ಹೋಗು. ಸುವರ್ಣಾ, ನೀನೂ ಮನಿಗೆ ಹೋಗು."

ಜನವರಿ ೨೮, ಮಂಗಳವಾರ

ಹೋಗಲಿಲ್ಲ. ಅಂಗಡಿಯಲ್ಲಿ ಲಗ್ನಪತ್ರ ಎರಡು.

ಜನವರಿ ೨೯, ಬುಧವಾರ

ಲಗ್ನಪತ್ರ ಮೂರು. ವೀರೇಶ "ಹೇಳಬ್ಯಾಡ್ರಿ ಅಂದಿದ್ದೆ" ಅಂದ.

ಜನವರಿ ೩೦, ಗುರುವಾರ

ಅರವತ್ತನಾಲ್ಕು ವಾಕ್ಯ ಬಿಟ್ಟುಕೊಡುತ್ತಿಲ್ಲ. ರೊಟ್ಟಿ ಬಡಿಯುವಾಗ ಹೊಳೆಯಿತು: ಬರೆಸುವಾಗ ಸರ್ ಅವನ್ನು ಬಿಡಿಬಿಡಿಯಾಗಿ ಹೇಳಿರಲಿಲ್ಲ, ಕಥೆಯ ಹಾಗೆ ಹೇಳಿದ್ದರು. ಹೆಂಗಸು ನದಿಗೆ ಹೋಗುತ್ತಾಳೆ, ಕೊಡ ಒಡೆದಿತ್ತು, ಮಗನನ್ನು ಕರೆದಳು, ಮಗ ಕೇಳಲಿಲ್ಲ. ಆಯಿಯ ಕಥೆಗಳನ್ನು ನಾನು ಹೀಗೇ ತಲೆಯಲ್ಲಿಟ್ಟುಕೊಂಡದ್ದು, ಒಂದರ ಸೆರಗು ಹಿಡಿದು ಇನ್ನೊಂದು ಬರುತ್ತದೆ. ಅಂಗಡಿಗೆ ರಜೆ ಹೇಳಿ ಗೋಡೆಗೆ ಒರಗಿ ಕೂತೆ. ಸರ್ ಎಲ್ಲಿ ಕೆಮ್ಮಿದರು, ಎಲ್ಲಿ ಸುಲಭಾಬಾಯಿ ಚಹಾ ತಂದರು, ಎಲ್ಲಿ ಅವರು ನಕ್ಕರು, ಎಲ್ಲ ನೆನೆಯುತ್ತ ಹೋದೆ.

ಮೂವತ್ತೊಂದು ಖಾತ್ರಿ ಸಿಕ್ಕವು. ಉಳಿದ ಮೂವತ್ತಮೂರರ ಮುಂದೆ ಏನೂ ಬರೆದಿಲ್ಲ. ಸುಮಾರಾಗಿ ನೆನಪಿದ್ದವೂ ಇದ್ದವು, ಬರೆಯಲಿಲ್ಲ.

"ನಿನ್ನ ತಗದ ಹಾಕ್ಯಾರ, ಇನ್ನ ಯಾರ ಸಂಬಂಧ ಮಾಡಾಕತ್ತಿ ಬೇ?" ಅಂದಳು ಮರೆವ್ವ. ನಾನು ಆಗ ಮೂವತ್ತೆರಡನೆಯದನ್ನು ಹುಡುಕುತ್ತಿದ್ದೆ. ಆಮೇಲೆ ಹೇಳುತ್ತೇನೆ ಅಂದೆ.

ಫೆಬ್ರುವರಿ ೧, ಶನಿವಾರ

ಸುಲಭಾಬಾಯಿ ಅಂಗಡಿಗೆ ಫೋನು ಮಾಡಿದ್ದರು. "ಸೋಮವಾರ ಬರಲಿಕ್ಕೆ ಹೇಳ್ಯಾರ. ಯಾಕಂತ ಹೇಳಿಲ್ಲ. ನಾನೂ ಕೇಳಿಲ್ಲ, ಮನ್ಯಾಗ ಐದ ದಿನದಿಂದ ಯಾರೂ ಮಾತಾಡಿಲ್ಲ."

ಫೆಬ್ರುವರಿ ೩, ಸೋಮವಾರ

ಹತ್ತಕ್ಕೆ ಹೋದೆ. ಕಿಟಕಿಯ ಹತ್ತಿರದ ಕುರ್ಚಿ ಖಾಲಿ ಇತ್ತು. ಸರ್ ನಾನು ಕೂರುವ ಜಾಗದ ಪಕ್ಕ, ಮೊಣಕೈ ತಾಗುವಷ್ಟು ಹತ್ತಿರ, ಮರದ ಸ್ಟೂಲಿನ ಮೇಲೆ ಕೂತಿದ್ದರು.

"ಎಪ್ಪತ್ತೊಂದನೇ ಪುಟ ತಗಿ. ಶಬ್ದ ಓದಬ್ಯಾಡ, ಅಕ್ಷರ ಓದು. ಚುಕ್ಕಿ ಇದ್ದಲ್ಲಿ ಚುಕ್ಕಿ ಅನ್ನು. ನನಗ ನಿನ್ನ ಬಾಯಿಮ್ಯಾಲ ಈಗ ಭರೋಸಾ ಇಲ್ಲ."

"ಹೌದ್ರಿ ಸರ್."

ಹಾಗೇ ಓದಿದೆ. ಸೆ, ಜೆ, ಮ್, ಚುಕ್ಕಿ, ನ್, ಚುಕ್ಕಿ, ಫ್. ಅವರು ಮುಖ ಓರೆ ಮಾಡಿ, ಅಂಚಿನ ಕಣ್ಣಿನಿಂದ ಪರದೆ ನೋಡಲು ಹೆಣಗುತ್ತಿದ್ದರು. ಸರಿ ಇದ್ದರೆ ಮೇಜಿಗೆ ಬೆರಳು ಬಡಿಯುವರು, ತಪ್ಪಿದ್ದರೆ ಬೆರಳು ಎತ್ತಿ ಹಿಡಿಯುವರು. ನಾನು ಹಾಕಿದ ನ್‌ಗಳಲ್ಲಿ ಏಳು ತಪ್ಪು ಸಿಕ್ಕವು, ತಿದ್ದಿದೆವು. ಒಂದು ತಾಸಿಗೆ ಎರಡು ಪುಟ ಸಾಗುತ್ತದೆ. ಮಧ್ಯಾಹ್ನ ಸುಲಭಾಬಾಯಿ ಇಬ್ಬರಿಗೂ ತಾಟು ತಂದು ಮೇಜಿನ ಮೇಲೇ ಇಟ್ಟರು. ಉಂಡು, ಕೈ ತೊಳೆದು ಮತ್ತೆ ಕೂತೆವು.

'ಅಭ್ಯಾಸ'ದ ಹಾಳೆಯನ್ನು ಚೀಲದಿಂದ ತೆಗೆದು, ಮೂವತ್ತೊಂದು ನೆನಪಾಗಿವೆ, ಉಳಿದವು ಇಲ್ಲ ಅಂದೆ. ಓದು ಅಂದರು. ಓದುತ್ತ ಹೋದೆ, ಬೆರಳು ಮೇಜಿಗೆ ಬಡಿಯುತ್ತ ಹೋಯಿತು, ಇಪ್ಪತ್ತಾರನೆಯದಕ್ಕೆ ಒಂದು ಸಲ ಎದ್ದು ನಿಂತು ಮತ್ತೆ ಇಳಿಯಿತು. ಮುಗಿದ ಮೇಲೆ ಸರ್ ಹಾಳೆಗಾಗಿ ಕೈ ಚಾಚಿದರು. ಅವರಿಗೆ ಕಾಣುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ಕೊಟ್ಟೆ. ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

ಸಂಜೆಯ ಹೊತ್ತಿಗೆ ಎಂಬತ್ತೆರಡನೇ ಪುಟ. ಧ್ವನಿ ಕೂತುಹೋಗಿದೆ. ನಾಲ್ಕೂವರೆ ಬಸ್ಸು ಯಾವಾಗ ಹೋಯಿತೋ ತಿಳಿಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದಾಗ ಸರ್ ಕೇಳಿದರು:

"ನಾಳೆ ಎಷ್ಟಕ್ಕ ಬರ್ತಿ?"

"ಹತ್ತಕ್ಕ ಬರ್ತೇನ್ರಿ."

"ಒಂಬತ್ತಕ್ಕ ಬಾ."